ಅಂಗಡಿ ಕೆಲಸಕ್ಕೆ ಅರ್ಜಿ: ಮ್ಯಾನೇಜರ್ ಓದಿ ಫೋನ್ ಮಾಡುವಂಥ ಕವರ್ ಲೆಟರ್ ಬರೆಯುವುದು ಹೇಗೆ

ಬಟ್ಟೆ ಅಂಗಡಿಯ ಸೇಲ್ಸ್ ಕೆಲಸಕ್ಕೋ ಸೂಪರ್‌ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರಿಗೋ ಅರ್ಜಿ ಹಾಕುವವರು ಸಾಮಾನ್ಯವಾಗಿ ಒಂದು ಬಯೋಡೇಟಾ ಕಳಿಸಿ ಸುಮ್ಮನಾಗುತ್ತಾರೆ. ಜೊತೆಗೊಂದು ಪತ್ರ, ಅಂದರೆ ಕವರ್ ಲೆಟರ್, ಇದ್ದರೂ ಅದು ಸೈಬರ್ ಸೆಂಟರ್‌ನ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಮಾದರಿ. ಹೆಸರು, ಊರು, ತಾರೀಖು ಮಾತ್ರ ಬೇರೆ. ‘ನಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಂಡು ಹೋಗಬಲ್ಲೆ’ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಸುಳ್ಳೇನಲ್ಲ. ಆದರೆ ಅರ್ಜಿ ಹಾಕಿದ ಎಲ್ಲರೂ ಅದನ್ನೇ ಬರೆದಿರುವುದರಿಂದ ಓದುವವರಿಗೆ ನಿಮ್ಮ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ.

ಕ್ರಿಯೇಟಿವ್ ಕವರ್ ಲೆಟರ್ ಅಂದರೆ ಬಣ್ಣದ ಬಾರ್ಡರ್, ಪ್ರಾಸದ ಸಾಲು, ನಾಲ್ಕು ಬಗೆಯ ಫಾಂಟ್ ಎಂದುಕೊಂಡವರು ಬಹಳ. ಅಂಗಡಿ ಕೆಲಸಕ್ಕೆ ಬೇಕಾದ ಹೊಸತನ ಬೇರೆಯೇ. ಅರ್ಜಿ ಹಾಕುವ ಅಂಗಡಿಯನ್ನು ಚೆನ್ನಾಗಿ ನೋಡಬೇಕು. ಅಲ್ಲಿ ಕಂಡ ಒಂದು ಸಂಗತಿಗೂ ನೀವು ಮಾಡಿದ ಒಂದು ಕೆಲಸಕ್ಕೂ ಪತ್ರದಲ್ಲಿ ಗಂಟು ಹಾಕಬೇಕು. ಇದಕ್ಕೆ ಸಾಹಿತ್ಯದ ಪಾಂಡಿತ್ಯ ಬೇಡ, ಎರಡು ಸಂಜೆಯ ಸಮಯ ಸಾಕು. ಈ ಬರಹದಲ್ಲಿ ಹೆಚ್ಚಿನ ಉದಾಹರಣೆಗಳು ಸೀರೆ-ಬಟ್ಟೆಯ ಶೋರೂಮಿನವು, ಅರ್ಜಿದಾರರು ಮೊದಲ ಸಲ ಕೆಲಸ ಹುಡುಕುತ್ತಿರುವವರು. ಬೇರೆ ಅಂಗಡಿಗಳಿಗೆ ಏನು ಬದಲಿಸಬೇಕೆಂಬುದನ್ನು ಅಲ್ಲಲ್ಲೇ ಹೇಳಿದ್ದೇವೆ.

ಓದುವವರು ಯಾರು?

ಒಂದೇ ಅಂಗಡಿಯ ವ್ಯಾಪಾರವಾದರೆ ಗಲ್ಲಾದಲ್ಲಿ ಕೂತ ಮಾಲೀಕರೇ ಓದುತ್ತಾರೆ. ಹಲವು ಶಾಖೆಗಳಿದ್ದರೆ ಸ್ಟೋರ್ ಮ್ಯಾನೇಜರ್ ಅಥವಾ ಎಚ್‌ಆರ್‌ನವರು. ಯಾರೇ ಆದರೂ ಮೊಬೈಲಿನಲ್ಲಿ, ಇಬ್ಬರು ಗ್ರಾಹಕರ ನಡುವಿನ ಬಿಡುವಿನಲ್ಲಿ ಓದುತ್ತಾರೆ. ಮೊದಲ ಎರಡು ಸಾಲಿನಲ್ಲಿ ಏನೂ ಸಿಗದಿದ್ದರೆ ಮೂರನೆಯದಕ್ಕೆ ಹೋಗುವುದಿಲ್ಲ.

ಅವರ ತಲೆಯಲ್ಲಿರುವ ಪ್ರಶ್ನೆಗಳು ಕೆಲವೇ. ಹೇಳಿದ ಹೊತ್ತಿಗೆ ಬರುತ್ತಾರಾ? ಮೂರು ತಿಂಗಳಿಗೇ ಬಿಟ್ಟುಹೋಗುತ್ತಾರಾ? ಗ್ರಾಹಕರು ರೇಗಿದರೆ ಹೇಗೆ ಮಾತಾಡುತ್ತಾರೆ? ಹಣದಲ್ಲೂ ಸರಕಿನಲ್ಲೂ ನಂಬಬಹುದಾ? ಹಬ್ಬದ ವಾರ ರಜೆ ಕೇಳುತ್ತಾರಾ? ಪತ್ರ ಬರೆದು ಮುಗಿಸಿದ ಮೇಲೆ ಈ ಐದೂ ಪ್ರಶ್ನೆಗಳನ್ನು ಅದರ ಮುಂದಿಟ್ಟು ನೋಡಿ. ಕನಿಷ್ಠ ಮೂರಕ್ಕಾದರೂ ಉತ್ತರ ಸಿಗಬೇಕು.

ಮೊದಲ ಹೆಜ್ಜೆ: ಅಂಗಡಿಗೆ ಎರಡು ಸಲ ಹೋಗಿ

ವಾರದ ನಡುವೆ ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಒಮ್ಮೆ, ಶನಿವಾರ ಅಥವಾ ಭಾನುವಾರ ಸಂಜೆ ಆರರ ಮೇಲೆ ಇನ್ನೊಮ್ಮೆ. ಪ್ರತಿ ಸಲ ಅರ್ಧ ಗಂಟೆ ಸಾಕು. ಮಧ್ಯಾಹ್ನ ಕೆಲಸಗಾರರು ಸರಕು ಜೋಡಿಸುವುದು, ಬಿಚ್ಚಿದ ಸೀರೆ ಮಡಿಸುವುದು, ಟ್ಯಾಗ್ ಹಾಕುವುದು ಕಾಣುತ್ತದೆ. ಸಂಜೆ ಗ್ರಾಹಕರ ಭರಾಟೆ ಕಾಣುತ್ತದೆ. ಒಂದನ್ನೇ ನೋಡಿದರೆ ಕೆಲಸದ ಅರ್ಧವೇ ಗೊತ್ತಾಗುವುದು.

ನೋಡಬೇಕಾದದ್ದು: ಬರುವವರು ಯಾರು, ಮದುವೆ ಜವಳಿಗೆ ಬಂದ ಹತ್ತು ಜನರ ಕುಟುಂಬವೋ, ಆಫೀಸು ಮುಗಿಸಿ ಒಂಟಿಯಾಗಿ ಬಂದವರೋ? ಯಾವ ಭಾಷೆಯಲ್ಲಿ ಕೇಳುತ್ತಾರೆ? ಸೇಲ್ಸ್‌ನವರ ಮೊದಲ ಮಾತೇನು, ‘ಏನ್ ತೋರಿಸ್ಲಿ ಅಕ್ಕ’ ಎಂದೋ, ‘ಯಾವ ರೇಂಜಲ್ಲಿ ಬೇಕು ಮೇಡಂ’ ಎಂದೋ? ಎಲ್ಲಕ್ಕಿಂತ ಮುಖ್ಯವಾದದ್ದು, ಗ್ರಾಹಕರು ಯಾವ ಪ್ರಶ್ನೆಯ ಹತ್ತಿರ ತಡವರಿಸುತ್ತಾರೆ ಎಂಬುದು. ಕೈಗೆತ್ತಿಕೊಂಡ ಸೀರೆಯನ್ನು ಕೆಳಗಿಟ್ಟು ಹೊರಟವರು ಅದಕ್ಕೂ ಮೊದಲು ಏನು ಕೇಳಿದ್ದರು? ನಿಮ್ಮ ಪತ್ರಕ್ಕೆ ಬೇಕಾದ ಬೀಜ ಅಲ್ಲೇ ಸಿಗುತ್ತದೆ.

ಅಂಗಡಿ ಬದಲಾದಂತೆ ಈ ಪ್ರಶ್ನೆಯೂ ಬದಲಾಗುತ್ತದೆ. ಚಿನ್ನದಂಗಡಿಯಲ್ಲಿ ವೇಸ್ಟೇಜ್, ಮೇಕಿಂಗ್ ಚಾರ್ಜ್, ಹಾಲ್‌ಮಾರ್ಕ್. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ-ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ, ಇರಲೇಬೇಕು. ಅದನ್ನು ಹಿರಿಯ ಗ್ರಾಹಕರಿಗೆ ಬಿಡಿಸಿ ಹೇಳಬಲ್ಲವರು ಅಂಗಡಿಗೆ ಬೇಕು. ದಿನಸಿ ಅಂಗಡಿಯಲ್ಲಿ ಎಕ್ಸ್‌ಪೈರಿ ತಾರೀಖು, ಬೋರ್ಡಿನಲ್ಲಿರುವ ಆಫರ್ ಬಿಲ್ಲಿನಲ್ಲಿ ಬಾರದಿದ್ದಾಗ ಆಗುವ ಜಗಳ. ಮೊಬೈಲ್ ಅಂಗಡಿಯಲ್ಲಿ ಇಎಂಐ, ಹಳೇ ಫೋನಿನ ಎಕ್ಸ್‌ಚೇಂಜ್. ಚಪ್ಪಲಿ ಅಂಗಡಿಯಲ್ಲಿ ಗೋಡೌನಿಗೆ ಹೋಗಿ ಸೈಜು ತರುವಷ್ಟರಲ್ಲಿ ಗ್ರಾಹಕರು ಎದ್ದುಹೋಗುವುದು.

ಫೋಟೋ ತೆಗೆಯಬೇಡಿ, ಕೆಲಸದಲ್ಲಿರುವವರನ್ನು ಪ್ರಶ್ನೆ ಕೇಳಿ ಕಾಡಬೇಡಿ. ಒಂದು ಕರ್ಚೀಫಾದರೂ ಕೊಂಡರೆ ಬಿಲ್ಲಿಂಗ್ ಹೇಗೆ ನಡೆಯುತ್ತದೆಂದು ನೋಡಿದಂತಾಯಿತು. ಊರು ದೂರವಿದ್ದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಆ ಅಂಗಡಿಯ ಇತ್ತೀಚಿನ ಇಪ್ಪತ್ತು ರಿವ್ಯೂ ಓದಿ, ಮತ್ತೆ ಮತ್ತೆ ಬರುವ ಮಾತನ್ನು ಗುರುತು ಹಾಕಿಕೊಳ್ಳಿ. ಹಾಗೆ ಮಾಡಿದಾಗ ‘ನಿಮ್ಮ ಅಂಗಡಿಗೆ ಬಂದಿದ್ದೆ’ ಎಂದು ಬರೆಯಬಾರದು; ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಎರಡನೇ ಹೆಜ್ಜೆ: ನಿಮ್ಮ ಕಡೆಯ ಲೆಕ್ಕ

ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ ಜಾಹೀರಾತಿನಲ್ಲಿ ಕೇಳಿದ್ದು: ಗ್ರಾಹಕರೊಡನೆ ಮಾತು, ಸ್ಟಾಕ್ ನೋಡಿಕೊಳ್ಳುವುದು, ಬಿಲ್ಲಿಂಗ್, ಟಾರ್ಗೆಟ್. ಬಲಗಡೆ ಅದಕ್ಕೆ ಹೊಂದುವಂತೆ ನೀವು ನಿಜವಾಗಿ ಮಾಡಿದ್ದು, ಎಲ್ಲಿ, ಎಷ್ಟು ದಿನ, ಎಷ್ಟು ಜನಕ್ಕೆ ಎಂಬ ವಿವರದ ಸಮೇತ.

‘ನನಗೆ ಅನುಭವವೇ ಇಲ್ಲ’ ಎನ್ನುವವರ ಬಲಗಡೆಯೂ ಖಾಲಿ ಉಳಿಯುವುದು ಅಪರೂಪ. ಜಾತ್ರೆಯಲ್ಲಿ ಬಳೆ ಅಂಗಡಿ ಹಾಕಿದ್ದು, ಮಾವನ ಕಿರಾಣಿ ಅಂಗಡಿಯಲ್ಲಿ ರಜೆಯಲ್ಲಿ ಕೂತದ್ದು, ಸ್ವಸಹಾಯ ಸಂಘದ ಉಳಿತಾಯದ ಪುಸ್ತಕ ಬರೆದದ್ದು, ಗಣೇಶೋತ್ಸವದ ಚಂದಾ ಲೆಕ್ಕ ಒಪ್ಪಿಸಿದ್ದು, ಮನೆಯಲ್ಲಿ ಬ್ಲೌಸ್ ಹೊಲಿದದ್ದು ಎಲ್ಲವೂ ಅಂಗಡಿ ಕೆಲಸಕ್ಕೆ ನೇರವಾಗಿ ಸಂಬಂಧಿಸಿದವು. ಮನೆಯಲ್ಲಿ ಹೊಲಿಗೆ ಮಾಡುವ ಹೆಣ್ಣುಮಕ್ಕಳು ಇದನ್ನು ಬಯೋಡೇಟಾದ ಕೊನೆಯಲ್ಲಿ ‘ಹವ್ಯಾಸ’ ಎಂದು ಬರೆದುಬಿಡುತ್ತಾರೆ. ಸೀರೆ ಅಂಗಡಿಗೆ ಅದಕ್ಕಿಂತ ಬೆಲೆಬಾಳುವ ಅರ್ಹತೆ ಇನ್ನೊಂದಿಲ್ಲ.

ಯಾಕೆಂದು ನೋಡಿ. ಸಾಮಾನ್ಯವಾಗಿ ಸೀರೆ ಐದೂವರೆ ಮೀಟರ್. ಜೊತೆಗೆ ಬರುವ ಬ್ಲೌಸ್ ಪೀಸ್ 80 ಸೆಂಟಿಮೀಟರ್‌ನಷ್ಟು. ಮೈಗಾತ್ರ ದೊಡ್ಡದಿದ್ದು ಮೊಣಕೈವರೆಗೆ ತೋಳೂ ಬೇಕೆಂದರೆ ಅದು ಸಾಲದು, ಒಂದು ಮೀಟರ್ ಹತ್ತಿರ ಬೇಕಾಗುತ್ತದೆ. ಹೊಲಿಗೆ ಬಲ್ಲವರು ಗ್ರಾಹಕರನ್ನು ನೋಡಿದ ಕೂಡಲೇ ಇದನ್ನು ಹೇಳಿ, ಬಾರ್ಡರ್‌ಗೆ ಒಪ್ಪುವ ಬೇರೆ ಬಟ್ಟೆಯನ್ನು ಪಕ್ಕದ ಕೌಂಟರಿನಿಂದ ತಂದು ಸೀರೆಯ ಮೇಲಿಟ್ಟು ತೋರಿಸಬಲ್ಲರು. ಅನುಮಾನದಲ್ಲೇ ಕೈಬಿಟ್ಟುಹೋಗುತ್ತಿದ್ದ ಸೀರೆಯೂ ಮಾರಾಟವಾಯಿತು, ಮೇಲೊಂದು ಮೀಟರ್ ಬಟ್ಟೆಯೂ ಹೋಯಿತು. ಮಾಲೀಕರಿಗೆ ಇದು ಎರಡೇ ಸಾಲಿನಲ್ಲಿ ಅರ್ಥವಾಗುತ್ತದೆ.

ಅಂಕಿ ಬರೆಯುವಾಗ ಕೇಳಿದರೆ ವಿವರಿಸಬಲ್ಲದ್ದನ್ನೇ ಬರೆಯಿರಿ. ‘ಮಾರಾಟವನ್ನು 40 ಶೇಕಡಾ ಹೆಚ್ಚಿಸಿದೆ’ ಎಂಬುದಕ್ಕಿಂತ ‘ಮೂರು ದಿನದ ಜಾತ್ರೆಯಲ್ಲಿ ದಿನದ ಕೊನೆಗೆ ಹಣ ಎಣಿಸಿ ಪುಸ್ತಕಕ್ಕೆ ತಾಳೆ ಹಾಕಿದೆ’ ಎಂಬುದು ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮೂರನೇ ಹೆಜ್ಜೆ: ಮೊದಲ ವಾಕ್ಯ

ಇಡೀ ಪತ್ರಕ್ಕೆ ಇಟ್ಟುಕೊಂಡ ಸಮಯದಲ್ಲಿ ಅರ್ಧವನ್ನು ಇದಕ್ಕೇ ಕೊಡಿ. ‘ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಖಾಲಿ ಇರುವ ಹುದ್ದೆಗೆ ಅರ್ಜಿ ಸಲ್ಲಿಸಲು ಬಯಸುತ್ತೇನೆ’ ಎಂಬ ಆರಂಭ ಯಾವ ಅಂಗಡಿಗೂ ಹೊಂದುತ್ತದೆ. ದೋಷ ಇರುವುದೂ ಅಲ್ಲೇ. ಅಂಗಡಿಯ ಹೆಸರನ್ನು ಬದಲಿಸಿದರೂ ನಿಮ್ಮ ಮೊದಲ ವಾಕ್ಯ ಸರಿಹೊಂದುತ್ತದೆ ಅಂದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ.

ಕಂಡದ್ದರಿಂದ ಶುರುಮಾಡಬಹುದು: ‘ಕಳೆದ ಶನಿವಾರ ಸಂಜೆ ನಿಮ್ಮ ಸೀರೆ ವಿಭಾಗದಲ್ಲಿ ಮೂವರು ಗ್ರಾಹಕರು ಒಂದೇ ಪ್ರಶ್ನೆ ಕೇಳಿದ್ದನ್ನು ಕೇಳಿಸಿಕೊಂಡೆ: ಇದರ ಬ್ಲೌಸ್ ಬಟ್ಟೆ ನನಗೆ ಸಾಕಾಗುತ್ತಾ?’

ಮಾಡಿದ್ದರಿಂದಲೂ ಶುರುಮಾಡಬಹುದು. ಸೂಪರ್‌ಮಾರ್ಕೆಟ್‌ಗಾದರೆ: ‘ಹೊಸ ಹಾಲಿನ ಪ್ಯಾಕೆಟ್ ಹಿಂದಕ್ಕೆ, ಹಿಂದಿನ ದಿನದ್ದು ಮುಂದಕ್ಕೆ. ನಮ್ಮ ಮನೆಯ ಚಿಲ್ಲರೆ ಅಂಗಡಿಯಲ್ಲಿ ಎರಡು ವರ್ಷ ಇದು ನನ್ನ ಬೆಳಗಿನ ಮೊದಲ ಕೆಲಸವಾಗಿತ್ತು.’ ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕೆಂಬ ನಿಯಮ ನಿಮಗೆ ಗೊತ್ತಿದೆ ಎಂದು ಮ್ಯಾನೇಜರಿಗೆ ಬೇರೆ ಹೇಳಬೇಕಿಲ್ಲ.

ಮೂರನೇ ದಾರಿ, ಆ ಅಂಗಡಿಯೊಡನೆ ನಿಮ್ಮ ಮನೆಯವರ ನಂಟು. ‘ಅಕ್ಕನ ಮದುವೆಯ ಧಾರೆ ಸೀರೆ ನಿಮ್ಮಲ್ಲೇ ಕೊಂಡದ್ದು’ ಎಂಬುದು ನಿಜವಾಗಿದ್ದರೆ ಚೆಂದ. ಆದರೆ ಅಲ್ಲಿಗೇ ನಿಲ್ಲಬಾರದು. ಅವತ್ತು ಸೀರೆ ತೋರಿಸಿದವರು ಏನು ಚೆನ್ನಾಗಿ ಮಾಡಿದರು, ಅದರಿಂದ ನೀವೇನು ಕಲಿತಿರಿ ಎಂಬುದು ಮುಂದಿನ ವಾಕ್ಯವಾಗಬೇಕು. ಬರೀ ಹೊಗಳಿಕೆಯಾದರೆ ಓದುವವರು ದಾಟಿಕೊಂಡು ಹೋಗುತ್ತಾರೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕಂಡ ಕೊರತೆಯನ್ನು ದೂರಿನಂತೆ ಬರೆಯಬೇಡಿ. ‘ನಿಮ್ಮ ಟ್ರಯಲ್ ರೂಮಿನ ಮುಂದೆ ವ್ಯವಸ್ಥೆ ಸರಿಯಿಲ್ಲ’ ಎಂದು ಓದಿದ ಮ್ಯಾನೇಜರಿಗೆ ಆ ವ್ಯವಸ್ಥೆ ಮಾಡಿದವರು ತಾವೇ ಎಂಬುದು ನೆನಪಾಗುತ್ತದೆ. ‘ಟ್ರಯಲ್ ರೂಮಿನ ಮುಂದೆ ಕಾಯುವವರಿಗೆ ಅಷ್ಟರೊಳಗೆ ಇನ್ನೊಂದು ಸೈಜು ತಂದುಕೊಡುವ ಕೆಲಸ ನನಗೆ ಇಷ್ಟ’ ಎಂದರೆ ಅದೇ ಸಂಗತಿ ನಿಮ್ಮ ಪರವಾಗಿ ನಿಲ್ಲುತ್ತದೆ.

ನಾಲ್ಕನೇ ಹೆಜ್ಜೆ: ನಡುವಿನ ಭಾಗಕ್ಕೆ ಒಂದೇ ಘಟನೆ

ನಲವತ್ತರಿಂದ ಅರವತ್ತು ಪದ. ಸಂದರ್ಭ ಏನಿತ್ತು, ನೀವೇನು ಮಾಡಿದಿರಿ, ಏನಾಯಿತು. ಮೂರು ಘಟನೆ ತುರುಕಿದರೆ ಒಂದೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ‘ಒಳ್ಳೆಯ ಸಂವಹನ ಕೌಶಲ ಹೊಂದಿದ್ದೇನೆ’ ಎಂಬಂಥ ಮಾತನ್ನು ತೆಗೆದು ಆ ಜಾಗದಲ್ಲಿ ಒಂದು ಕೆಲಸವನ್ನು ಇಡಿ: ಎಣಿಸಿದೆ, ಮಡಿಸಿದೆ, ಬದಲಿಸಿ ಕೊಟ್ಟೆ, ಸಮಾಧಾನ ಹೇಳಿದೆ.

ಈಗಾಗಲೇ ಅಂಗಡಿಯಲ್ಲಿ ದುಡಿದವರಿಗೆ ಇಲ್ಲಿ ಹೇಳಲು ಹೆಚ್ಚಿರುತ್ತದೆ: ದಿನಕ್ಕೆ ಎಷ್ಟು ಬಿಲ್ಲು ಮಾಡುತ್ತಿದ್ದಿರಿ, ರಾತ್ರಿ ಕ್ಯಾಷ್ ತಾಳೆಯಾಗುತ್ತಿತ್ತೇ, ಟಾರ್ಗೆಟ್ ಎಷ್ಟು ತಿಂಗಳು ಮುಟ್ಟಿದಿರಿ. ಹಳೆಯ ಅಂಗಡಿಯ ಒಟ್ಟು ವ್ಯಾಪಾರ, ಲಾಭ, ಸರಕು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಬರೆಯಬೇಡಿ. ಅಲ್ಲಿಯ ಗುಟ್ಟು ಇಲ್ಲಿ ಹೇಳಿದವರು ನಾಳೆ ಇಲ್ಲಿಯದನ್ನು ಇನ್ನೆಲ್ಲೋ ಹೇಳುತ್ತಾರೆಂದು ಯಾವ ಮಾಲೀಕರೂ ಲೆಕ್ಕ ಹಾಕುತ್ತಾರೆ. ಹಳೆಯ ಮ್ಯಾನೇಜರ್ ಬಗ್ಗೆ ದೂರೂ ಬೇಡ, ಅದು ಎಷ್ಟೇ ನಿಜವಿರಲಿ.

ಐದನೇ ಹೆಜ್ಜೆ: ಎಲ್ಲರೂ ಬಿಟ್ಟುಬಿಡುವ ಪ್ಯಾರಾ

ಪತ್ರ ಎಷ್ಟೇ ಚೆನ್ನಾಗಿರಲಿ, ಶಿಫ್ಟು, ಓಡಾಟ, ಭಾಷೆ ಇವು ಗೊತ್ತಾಗದೆ ಯಾರೂ ಕರೆಯುವುದಿಲ್ಲ. ಮನೆಯಿಂದ ಅಂಗಡಿಗೆ ಎಷ್ಟು ದೂರ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹೇಗೆ ಹೋಗುತ್ತೀರಿ, ಶನಿವಾರ ಭಾನುವಾರ ಬರುತ್ತೀರಾ, ಯಾವತ್ತಿನಿಂದ ಸೇರಬಲ್ಲಿರಿ ಎಂಬುದನ್ನು ಮೂರು ನಾಲ್ಕು ವಾಕ್ಯದಲ್ಲಿ ಮುಗಿಸಿ. ಕಾಲೇಜಿಗೆ ಹೋಗುತ್ತಿದ್ದರೆ ತರಗತಿ ಎಷ್ಟು ಗಂಟೆಗೆ ಮುಗಿಯುತ್ತದೆ, ಪರೀಕ್ಷೆ ಯಾವ ತಿಂಗಳು ಎಂದೂ ಈಗಲೇ ಹೇಳಿಬಿಡಿ. ಮುಚ್ಚಿಟ್ಟು ಕೆಲಸಕ್ಕೆ ಸೇರಿ, ದಸರಾ ವ್ಯಾಪಾರದ ನಡುವೆ ಹದಿನೈದು ದಿನ ರಜೆ ಕೇಳುವುದು ಇಬ್ಬರಿಗೂ ಕಷ್ಟ.

ಭಾಷೆಯ ಬಗ್ಗೆ ಸರಿಯಾದ ಮಟ್ಟ ತಿಳಿಸಿ. ‘ಕನ್ನಡ, ತೆಲುಗು ಸರಾಗ, ಹಿಂದಿ ಅರ್ಥವಾಗುತ್ತದೆ, ಬೆಲೆ ಸೈಜು ಹೇಳುವಷ್ಟು ಮಾತಾಡುತ್ತೇನೆ’ ಎಂದರೆ ಯಾವ ಫ್ಲೋರಿಗೆ ಹಾಕಬಹುದೆಂದು ಅವರಿಗೆ ತಿಳಿಯುತ್ತದೆ. ಟ್ಯಾಲಿ, ಎಕ್ಸೆಲ್, ಬಾರ್‌ಕೋಡ್ ಬಿಲ್ಲಿಂಗ್ ಗೊತ್ತಿದ್ದರೆ ಒಂದು ಸಾಲು. ರಿಟೇಲ್ ಕ್ಷೇತ್ರದ ಕೌಶಲ ಮಂಡಳಿ ಆರ್‌ಎಎಸ್‌ಸಿಐನ ಸೇಲ್ಸ್ ಅಸೋಸಿಯೇಟ್ ಅಥವಾ ಕ್ಯಾಷಿಯರ್ ಕೋರ್ಸ್ ಮಾಡಿದ್ದರೆ ಹೆಸರು, ವರ್ಷ ಬರೆಯಿರಿ.

ಉತ್ಸಾಹದಲ್ಲಿ ‘ವಾರದ ರಜೆಯೂ ಬೇಡ’ ಎಂದು ಬರೆಯುವವರಿದ್ದಾರೆ. ದಯವಿಟ್ಟು ಬೇಡ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ವಾರಕ್ಕೊಂದು ದಿನ ರಜೆ ಕೆಲಸಗಾರರ ಹಕ್ಕು. ‘ವಾರದ ರಜೆ ಕೆಲಸದ ದಿನಗಳಲ್ಲಿ ಕೊಟ್ಟರೂ ಸರಿ, ಶನಿವಾರ ಭಾನುವಾರ ಬರುತ್ತೇನೆ’ ಎಂದರೆ ಸಾಕು. ಸಂಬಳದ ಮಾತು ಜಾಹೀರಾತಿನಲ್ಲಿ ಕೇಳಿದ್ದರೆ ಮಾತ್ರ.

ಕೊನೆಯ ವಾಕ್ಯದಲ್ಲಿ ಒಂದೇ ಒಂದನ್ನು ಕೇಳಿ: ಭೇಟಿಗೆ ಸಮಯ. ‘ಒಂದು ವಾರ ಸಂಬಳವಿಲ್ಲದೆ ಮಾಡಿ ತೋರಿಸುತ್ತೇನೆ’ ಎನ್ನುವುದು ನಿಮ್ಮ ಕೆಲಸದ ಬೆಲೆಯನ್ನು ನೀವೇ ಇಳಿಸಿದಂತೆ. ಬೇಕಿದ್ದರೆ ‘ಬಂದಾಗ ಐದು ನಿಮಿಷ ಸೀರೆ ತೋರಿಸಿ ನೋಡಿ ಎಂದರೆ ಸಂತೋಷದಿಂದ ತೋರಿಸುತ್ತೇನೆ’ ಎನ್ನಿ.

ಎಲ್ಲ ಸೇರಿಸಿದರೆ ಹೀಗೆ

ಸ್ಟೋರ್ ಮ್ಯಾನೇಜರ್ ಅವರಿಗೆ,
ನಮಸ್ಕಾರ.

ವಿಷಯ: ಸೀರೆ ವಿಭಾಗದ ಸೇಲ್ಸ್ ಕೆಲಸಕ್ಕೆ ಅರ್ಜಿ

ಕಳೆದ ಶನಿವಾರ ಸಂಜೆ ನಿಮ್ಮ ಸೀರೆ ವಿಭಾಗದಲ್ಲಿ ಮೂವರು ಗ್ರಾಹಕರು ಒಂದೇ ಪ್ರಶ್ನೆ ಕೇಳಿದ್ದನ್ನು ಕೇಳಿಸಿಕೊಂಡೆ: ‘ಇದರ ಬ್ಲೌಸ್ ಬಟ್ಟೆ ನನಗೆ ಸಾಕಾಗುತ್ತಾ?’ ನಾಲ್ಕು ವರ್ಷದಿಂದ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿರುವ ನನಗೆ ದಿನವೂ ಎದುರಾಗುವ ಪ್ರಶ್ನೆ ಇದು.

ಹೋದ ಶ್ರಾವಣದಲ್ಲಿ ಒಬ್ಬರು ರೇಷ್ಮೆ ಸೀರೆಯ ಬ್ಲೌಸ್ ಪೀಸ್ ತಂದು ಮೊಣಕೈವರೆಗೆ ತೋಳು ಬೇಕೆಂದರು. ಬಟ್ಟೆ ಸಾಲುತ್ತಿರಲಿಲ್ಲ, ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಬಾರ್ಡರನ್ನು ತೋಳಿಗೆ ಉಳಿಸಿಕೊಂಡು, ಬೆನ್ನಿಗೆ ಅದೇ ಬಣ್ಣದ ಬೇರೆ ಬಟ್ಟೆ ಜೋಡಿಸಬಹುದೆಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಒಪ್ಪಿದರು. ಆಮೇಲೆ ಅವರ ಬೀದಿಯಿಂದ ಇನ್ನೂ ನಾಲ್ವರು ನನ್ನಲ್ಲಿ ಹೊಲಿಸಲು ಬಂದರು. ಇದೇ ಮಾತನ್ನು ಸೀರೆ ಕೊಳ್ಳುವ ಹೊತ್ತಿನಲ್ಲೇ ಹೇಳಬಲ್ಲೆ.

ನನ್ನ ಮನೆ ಅಂಗಡಿಯಿಂದ 4 ಕಿ.ಮೀ. ದೂರದಲ್ಲಿದೆ, ರಾತ್ರಿ ಹತ್ತರವರೆಗೆ ಬಸ್ ಇದೆ. ಶನಿವಾರ, ಭಾನುವಾರ, ಹಬ್ಬದ ವಾರಗಳಲ್ಲಿ ಬರಬಲ್ಲೆ. ಕನ್ನಡ, ತೆಲುಗು ಸರಾಗ. ಹಿಂದಿ ವ್ಯವಹಾರಕ್ಕೆ ಸಾಕಾಗುವಷ್ಟು. ಮುಂದಿನ ತಿಂಗಳ 1ರಿಂದ ಸೇರಬಹುದು.

ಭೇಟಿಗೆ ಯಾವ ದಿನ ಬರಲಿ ಎಂದು ತಿಳಿಸಿದರೆ ಉಪಕಾರ.

ಇಂತಿ,
(ಹೆಸರು, ಫೋನ್ ನಂಬರ್, ಕರೆಗೆ ಸಿಗುವ ಸಮಯ)

ಈ ಮಾದರಿಯನ್ನು ಹಾಗೇ ನಕಲು ಮಾಡಿದರೆ ಪ್ರಯೋಜನವಿಲ್ಲ, ಹೊಲಿಗೆ ಬಾರದವರಿಗಂತೂ ತೊಂದರೆಯೇ. ಇದರಲ್ಲಿ ‘ಪ್ರಾಮಾಣಿಕ’, ‘ಶ್ರಮಜೀವಿ’ ಎಂಬ ಒಂದು ಪದವೂ ಇಲ್ಲ ಎಂಬುದನ್ನು ಗಮನಿಸಿ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ?

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ಅಂಗಡಿ ಬಾಗಿಲಿಗೆ ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಬೋರ್ಡು ಇದ್ದರೆ ಕನ್ನಡವೇ ಸರಿ. ಮಾಲ್‌ಗಳ ಬ್ರಾಂಡ್ ಮಳಿಗೆಗೆ ಇಂಗ್ಲಿಷ್ ಬೇಕಾದೀತು. ಆಗ ಕನ್ನಡದಲ್ಲಿ ಯೋಚಿಸಿದ್ದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಭಾರೀ ಪದಗಳ ಇಂಗ್ಲಿಷ್ ಪತ್ರ ಕೊಟ್ಟು ಇಂಟರ್‌ವ್ಯೂನಲ್ಲಿ ಎರಡು ವಾಕ್ಯ ಆಡಲಾಗದಿದ್ದರೆ ಪತ್ರವೇ ನಿಮಗೆ ಎದುರು ಸಾಕ್ಷಿಯಾಗುತ್ತದೆ. ಉದ್ದ: ಕನ್ನಡದಲ್ಲಿ 130ರಿಂದ 180 ಪದ, ಇಂಗ್ಲಿಷಿನಲ್ಲಿ 200ರಿಂದ 250. ಎ4 ಹಾಳೆಯ ಒಂದು ಪುಟ ದಾಟಬಾರದು.

ಕಳಿಸುವಾಗ ಕೆಡುವ ಕೆಲಸ

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲ್ ಕಳಿಸಿದರೆ ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಯಾವ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಪಿಡಿಎಫ್ ಮಾಡಿ, ಇನ್ನೊಬ್ಬರ ಫೋನಿಗೆ ಕಳಿಸಿ ತೆರೆದು ನೋಡಿ. ಒತ್ತಕ್ಷರಗಳು ಒಡೆದಿಲ್ಲ ಎಂದು ಖಾತ್ರಿಯಾದ ಮೇಲೆ ಅಂಗಡಿಗೆ ಕಳಿಸಿ. ಅಕ್ಷರ 12 ಪಾಯಿಂಟ್, ಸುತ್ತ ಎರಡೂವರೆ ಸೆಂಟಿಮೀಟರ್ ಅಂಚು. ಫೈಲಿಗೆ ‘ಹೊಸ ಡಾಕ್ಯುಮೆಂಟ್ 2’ ಎಂದಲ್ಲದೆ ನಿಮ್ಮ ಹೆಸರು ಮತ್ತು ಕೆಲಸದ ಹೆಸರು ಕೊಡಿ.

ವಾಟ್ಸ್ಯಾಪ್‌ನಲ್ಲಿ ಬರೀ ಪಿಡಿಎಫ್ ಹಾಕಿದರೆ ತೆರೆಯದೇ ಉಳಿಯುತ್ತದೆ. ಮೊದಲು ಪತ್ರದ ಮೊದಲ ಪ್ಯಾರಾವನ್ನೇ ಮೆಸೇಜಾಗಿ ಕಳಿಸಿ, ಅದರ ಕೆಳಗೆ ಪತ್ರ, ಬಯೋಡೇಟಾ. ವಾರದ ನಡುವಿನ ದಿನ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು ಒಳ್ಳೆಯ ಹೊತ್ತು: ಬಾಗಿಲು ತೆಗೆದು ಗುಡಿಸಿ ಜೋಡಿಸುವುದು ಮುಗಿದಿರುತ್ತದೆ, ಜನ ಇನ್ನೂ ಬಂದಿರುವುದಿಲ್ಲ. ಬಟ್ಟೆ ಅಂಗಡಿಗಾದರೆ ಆಷಾಢ ಮುಗಿಯುವುದರೊಳಗೆ ಅರ್ಜಿ ತಲುಪಲಿ. ವರಮಹಾಲಕ್ಷ್ಮಿ ಹಬ್ಬದಿಂದ ಶುರುವಾದ ವ್ಯಾಪಾರ ದೀಪಾವಳಿಯವರೆಗೂ ಬಿಡುವು ಕೊಡುವುದಿಲ್ಲ, ಆ ನಡುವೆ ಹೊಸಬರಿಗೆ ಕೆಲಸ ಕಲಿಸುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಆಧಾರ್ ನಕಲು, ಬ್ಯಾಂಕ್ ವಿವರ ಮೊದಲ ಪತ್ರದೊಡನೆ ಬೇಡ; ಕೆಲಸ ಖಚಿತವಾದ ಮೇಲೆ ಕೊಡುವ ಕಾಗದಗಳವು. ಅರ್ಜಿ ಹಾಕಿದ ಮೇಲೆ ಯಾರಾದರೂ ರಿಜಿಸ್ಟ್ರೇಷನ್‌ಗೆಂದೋ ಯೂನಿಫಾರ್ಮಿಗೆಂದೋ ಮುಂಗಡ ಹಣ ಕೇಳಿದರೆ ಕೊಡಬೇಡಿ, ನೇರವಾಗಿ ಅಂಗಡಿಗೇ ಹೋಗಿ ವಿಚಾರಿಸಿ.

ಮನೆಯ ಕಷ್ಟ ಬರೆಯಬೇಕೇ ಎಂಬ ಪ್ರಶ್ನೆ ಅನೇಕರದು. ಆ ಕಷ್ಟ ನಿಜ, ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯೂ ಇಲ್ಲ. ಆದರೆ ಪತ್ರದಲ್ಲಿ ಅದು ಬಂದ ಕೂಡಲೇ ಓದುವವರ ಗಮನ ನಿಮ್ಮ ಕೆಲಸದಿಂದ ನಿಮ್ಮ ಕಷ್ಟದ ಕಡೆ ಹೊರಳುತ್ತದೆ. ನಿಮ್ಮ ಕೈಯಲ್ಲಿ ಏನಾಗುತ್ತದೆ ಎಂಬುದನ್ನು ತೋರಿಸಲು ಇರುವುದು ಒಂದೇ ಪುಟ.

ಕಳಿಸಿದ ಮೇಲೆ ಐದು ದಿನ ಕಾಯಿರಿ. ಉತ್ತರ ಬಾರದಿದ್ದರೆ ಬೆಳಿಗ್ಗೆ ಅದೇ ಹೊತ್ತಿಗೆ ಫೋನ್ ಮಾಡಿ: ‘ನಮಸ್ಕಾರ ಸರ್, ಬ್ಲೌಸ್ ಬಟ್ಟೆಯ ಬಗ್ಗೆ ಬರೆದು ಅರ್ಜಿ ಕಳಿಸಿದ್ದೆ, ನೋಡೋಕೆ ಆಯ್ತಾ?’ ಹೆಸರು ಮರೆತವರಿಗೂ ಆ ಸಂಗತಿ ನೆನಪಿರುತ್ತದೆ. ಪತ್ರದ ಒಂದು ಪ್ರತಿ ಇಟ್ಟುಕೊಂಡು ಇಂಟರ್‌ವ್ಯೂಗೆ ಮೊದಲು ಓದಿಕೊಳ್ಳಿ, ಯಾಕೆಂದರೆ ಮೊದಲ ಪ್ರಶ್ನೆ ಅದರಿಂದಲೇ ಬರುವ ಸಾಧ್ಯತೆ ಹೆಚ್ಚು. ಅಲ್ಲಿ ಕೆಲಸ ಆಗದೆ ಇನ್ನೊಂದು ಅಂಗಡಿಗೆ ಅರ್ಜಿ ಹಾಕುವಾಗ ಮೂರನೇ ಪ್ಯಾರಾದಲ್ಲಿ ದೂರ ಮತ್ತು ಬಸ್ಸಿನ ಸಮಯ ತಿದ್ದಿದರೆ ಸಾಕು, ನಡುವಿನ ಘಟನೆ ಹಾಗೇ ಇರಬಹುದು. ಮೊದಲ ಪ್ಯಾರಾವನ್ನು ಮಾತ್ರ ಆ ಅಂಗಡಿಗೆ ಹೋಗಿ ಬಂದ ಮೇಲೆ ಪೂರ್ತಿ ಹೊಸದಾಗಿ ಬರೆಯಿರಿ.